ಲೂಪಸ್, ಸಂಧಿವಾತ ಇರುವ ಹಿರಿಯ ಮಹಿಳೆಯರ ಮೂಳೆ ಯಾಕೆ ಬೇಗ ತೆಳುವಾಗುತ್ತದೆ?

ವರ್ಷಗಳಿಂದ ಉಡುತ್ತಿದ್ದ ಅಳತೆಗೇ ಸೀರೆ ಉಟ್ಟರೂ ಅಂಚು ನೆಲಕ್ಕೆ ತಾಗುತ್ತಿದೆ. ಅಡುಗೆಮನೆಯ ಮೇಲಿನ ಶೆಲ್ಫು ಕೈಗೆ ಎಟುಕುತ್ತಿಲ್ಲ. ರವಿಕೆ ಬೆನ್ನಿನ ಕಡೆ ಬಿಗಿಯಾಗಿದೆ. ಮನೆಯ ಹಿರಿಯ ಹೆಂಗಸರಲ್ಲಿ ಇಂಥದ್ದು ಕಂಡರೆ ವಯಸ್ಸಾಯ್ತಲ್ಲ ಅಂತ ಬಿಟ್ಟುಬಿಡುತ್ತೇವೆ. ಆದರೆ ಅವರು ಹಲವು ವರ್ಷಗಳಿಂದ ಲೂಪಸ್‌ಗೋ ಸಂಧಿವಾತಕ್ಕೋ (ರೋಗನಿರೋಧಕ ವ್ಯವಸ್ಥೆ ನಮ್ಮದೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆಗಳಿವು) ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಾಗೆ ಬಿಡಬಾರದು. ಬೆನ್ನುಮೂಳೆಯ ಒಂದೆರಡು ಬಿಲ್ಲೆಗಳು, ಅಂದರೆ ಒಂದರ ಮೇಲೊಂದು ಕೂತ ಮೂಳೆಯ ತುಂಡುಗಳು, ಆಗಲೇ ಮುರಿದು ಕುಸಿದಿರಬಹುದು.

ಬೆನ್ನುಮೂಳೆಯ ಇಂಥ ಮುರಿತಗಳಲ್ಲಿ ಸುಮಾರು ಮೂರನೇ ಎರಡು ಪಾಲು ಆದಾಗ ಯಾರ ಗಮನಕ್ಕೂ ಬರುವುದಿಲ್ಲ. ಬಿದ್ದು ಪೆಟ್ಟಾಗಿರಲೇಬೇಕು ಅಂತಿಲ್ಲ. ನೀರು ತುಂಬಿದ ಬಕೆಟ್ ಎತ್ತಿದಾಗ, ಜೋರಾಗಿ ಕೆಮ್ಮಿದಾಗ ಆಗಿಬಿಡುತ್ತದೆ. ಎರಡು ದಿನ ಸೊಂಟ ಹಿಡಿದುಕೊಂಡಿತು ಅಂತ ಎಣ್ಣೆ ಹಚ್ಚಿ ಮಲಗುತ್ತಾರೆ, ಅಷ್ಟೇ. ವಯಸ್ಸಿನಲ್ಲಿದ್ದಾಗಿನ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ, ಇಲ್ಲವೇ ಈಚಿನ ಒಂದೆರಡು ವರ್ಷಗಳಲ್ಲಿ 2 ಸೆಂಟಿಮೀಟರ್ ಇಳಿದಿದ್ದರೆ ಬೆನ್ನಿನ ಎಕ್ಸ್‌ರೇ ಮಾಡಿಸಲೇಬೇಕು.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳೋಣ. ಮಂಡಿ ಸವೆದಿದೆ ಅನ್ನುವಾಗ ಸವೆದಿರುವುದು ಮುಖ್ಯವಾಗಿ ಕೀಲಿನ ಒಳಗಿನ ಮೃದ್ವಸ್ಥಿ. ಅದು ನೋಯುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಆಸ್ಟಿಯೋಪೊರೋಸಿಸ್ ಬಗ್ಗೆ. ಇದರಲ್ಲಿ ಇಡೀ ಅಸ್ಥಿಪಂಜರವೇ ತೆಳುವಾಗುತ್ತದೆ, ಒಳಗೊಳಗೇ ಟೊಳ್ಳಾಗುತ್ತದೆ. ಮುರಿಯುವವರೆಗೂ ನೋವು ಕೊಡುವುದಿಲ್ಲ. ನೋವಿಲ್ಲದ ಕಾರಣಕ್ಕೇ ಇದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಮೂರು ಕಡೆಯಿಂದ ಏಟು

ಮೂಳೆಗೆ ಜೀವ ಇದೆ. ಹಳೇ ಮನೆಯನ್ನು ಸ್ವಲ್ಪ ಸ್ವಲ್ಪವೇ ಒಡೆದು ಹೊಸದಾಗಿ ಕಟ್ಟುವ ಹಾಗೆ ಅದರಲ್ಲಿ ದಿನವೂ ದುರಸ್ತಿ ನಡೆಯುತ್ತಿರುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ. ಇನ್ನೊಂದು ಬಗೆಯವು ಆ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತವೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೀಗೆ ಬದಲಾಗುತ್ತದೆ. ಮೂವತ್ತರ ಆಸುಪಾಸಿನವರೆಗೆ ಕಟ್ಟುವ ಕೆಲಸದ ಕೈ ಮೇಲು. ಆಮೇಲೆ ಕರಗುವುದು ನಿಧಾನವಾಗಿ ಮುಂದಾಗುತ್ತದೆ.

ಕರಗಿಸುವ ಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುವುದು ಈಸ್ಟ್ರೋಜನ್. ಮುಟ್ಟು ನಿಂತಾಗ ಈ ಹಾರ್ಮೋನು ಇಳಿದುಹೋಗುತ್ತದೆ. ಮುಂದಿನ ಐದಾರು ವರ್ಷಗಳಲ್ಲಿ ಕೆಲವು ಹೆಂಗಸರು ತಮ್ಮ ಮೂಳೆಯ ಐದನೇ ಒಂದು ಭಾಗದವರೆಗೂ ಕಳೆದುಕೊಳ್ಳಬಹುದು. ಮುಟ್ಟು ನಿಲ್ಲುವುದಕ್ಕೂ ಮೂಳೆ ಟೊಳ್ಳಾಗುವುದಕ್ಕೂ ಇರುವ ಈ ನಂಟನ್ನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲೇ ತೋರಿಸಿದ್ದರು. ಭಾರತದ ಹೆಂಗಸರಿಗೆ ಮುಟ್ಟು ಸರಾಸರಿ 46–47ರ ಹೊತ್ತಿಗೇ ನಿಲ್ಲುತ್ತದೆ. ಪಶ್ಚಿಮದ ದೇಶಗಳಿಗಿಂತ ಇದು ಮೂರ್ನಾಲ್ಕು ವರ್ಷ ಮುಂಚೆ. ಲೂಪಸ್ ಕಿಡ್ನಿಗೆ ತಗುಲಿದವರಿಗೆ ಕೊಡುವ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಯಿಂದ ಕೆಲವರಿಗೆ ಇನ್ನೂ ಬೇಗ ನಿಂತುಬಿಡುತ್ತದೆ. ಇದು ಮೊದಲ ಏಟು, ಇದು ಎಲ್ಲ ಹೆಂಗಸರಿಗೂ ಬೀಳುವಂಥದ್ದು.

ಎರಡನೆಯದು ಕಾಯಿಲೆಯದ್ದೇ. ಆಟೋಇಮ್ಯೂನ್ ಕಾಯಿಲೆಯಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ದೇಹದ ಮೇಲೆ ತಿರುಗಿ ಬೀಳುತ್ತದೆ. ಲೂಪಸ್, ಸಂಧಿವಾತ ಎಂದು ನಾವು ಕರೆಯುವ ರುಮಟಾಯ್ಡ್ ಆರ್ಥ್ರೈಟಿಸ್, ಚರ್ಮ ಬಿಗಿಯಾಗುವ ಸ್ಕ್ಲೀರೋಡರ್ಮಾ, ಕಣ್ಣು ಬಾಯಿ ಒಣಗುವ ಶೋಗ್ರೆನ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವು ಹೆಂಗಸರಲ್ಲೇ ಜಾಸ್ತಿ. ಲೂಪಸ್ ಬಂದ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು. ಒಳಗೆ ಉರಿಯೂತ ನಡೆಯುತ್ತಿರುವಾಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ರಕ್ತದಲ್ಲಿ ಏರಿರುತ್ತವೆ. ಇವು ರ‍್ಯಾಂಕ್-ಎಲ್ ಎಂಬ ಇನ್ನೊಂದು ಸಂಕೇತವನ್ನು ಹೆಚ್ಚಿಸುತ್ತವೆ. ಮೂಳೆ ಕರಗಿಸುವ ಕೋಶಗಳು ಹುಟ್ಟುವುದು, ಬೆಳೆಯುವುದು, ಕೆಲಸಕ್ಕಿಳಿಯುವುದು ಈ ಸಂಕೇತದ ಮೇಲೆಯೇ. ಈ ರ‍್ಯಾಂಕ್-ಎಲ್ ಹೆಸರು ನೆನಪಿರಲಿ, ಔಷಧಿಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ. ಸಂಧಿವಾತದವರ ಕೈಯ ಎಕ್ಸ್‌ರೇ ನೋಡಿದರೆ ಊದಿದ ಕೀಲುಗಳ ಪಕ್ಕದ ಮೂಳೆ ಮೊದಲು ಮಂಕಾಗಿರುವುದು ಕಾಣುತ್ತದೆ. ಅದೇ ಉರಿಯೂತ ಬೆನ್ನು, ಸೊಂಟದ ಮೂಳೆಯನ್ನೂ ನಿಧಾನವಾಗಿ ತಿನ್ನುತ್ತಿರುತ್ತದೆ.

ಮೂರನೆಯದು ಚಿಕಿತ್ಸೆಯಿಂದ ಬರುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಸ್ಟೀರಾಯ್ಡ್‌ನ ಮೊದಲ ಆರು ತಿಂಗಳು

1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬರಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ನೋಡಿದವರಿಗೆ ನಂಬಲಾಗಲಿಲ್ಲ. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್‌ಗೂ, ಈ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ವಿಜ್ಞಾನಿಗಳಾದ ಕೆಂಡಾಲ್, ರೈಕ್‌ಸ್ಟೈನ್ ಇಬ್ಬರಿಗೂ ನೊಬೆಲ್ ಬಂತು. ಆದರೆ ದೇಹದಲ್ಲಿ ಈ ಬಗೆಯ ಹಾರ್ಮೋನು ಅತಿಯಾದರೆ ಮೂಳೆ ಟೊಳ್ಳಾಗುತ್ತದೆ, ಬೆನ್ನು ಬಾಗುತ್ತದೆ ಎಂಬುದು ಅದಕ್ಕೂ ಮುಂಚೆಯೇ ಗೊತ್ತಿತ್ತು. ಅಮೆರಿಕದ ವೈದ್ಯ ಹಾರ್ವಿ ಕುಶಿಂಗ್ 1932ರಲ್ಲಿ ವಿವರಿಸಿದ ರೋಗಿಗಳಲ್ಲಿ ಅದು ಸ್ಪಷ್ಟವಾಗಿ ಕಂಡಿತ್ತು. ಸ್ಟೀರಾಯ್ಡ್ ಜೀವ ಉಳಿಸುವ ಔಷಧಿ ಅನ್ನುವುದರಲ್ಲಿ ಎರಡು ಮಾತಿಲ್ಲ. ಮೂಳೆಯನ್ನು ಕೆಡಿಸುತ್ತದೆ ಅನ್ನುವುದರಲ್ಲೂ ಎರಡು ಮಾತಿಲ್ಲ.

ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ಮೂಳೆ ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ. ಮೂಳೆಯ ಒಳಗೇ ಕೂತು ಎಲ್ಲಿ ದುರಸ್ತಿ ಬೇಕು ಎಂದು ತಿಳಿಸುವ ಕೋಶಗಳನ್ನು ಸಾಯಿಸುತ್ತದೆ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿ ಹೋಗುವುದು ಹೆಚ್ಚಾಗುತ್ತದೆ. ತೊಡೆಯ ಸ್ನಾಯು ಸೊರಗಿ ಬೀಳುವ ಸಾಧ್ಯತೆಯೂ ಏರುತ್ತದೆ. ಬೆನ್ನುಮೂಳೆಯ ಒಳಗೆ ಜಾಲರಿಯಂಥ ಮೆತ್ತನೆಯ ಮೂಳೆ ಜಾಸ್ತಿ. ಹಾಗಾಗಿ ಮೊದಲು ಪೆಟ್ಟು ತಿನ್ನುವುದು ಅದೇ.

ಇಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ ಒಂದಿದೆ. ಮೂಳೆ ಅತಿ ವೇಗವಾಗಿ ಹೋಗುವುದು ಸ್ಟೀರಾಯ್ಡ್ ಶುರು ಮಾಡಿದ ಮೊದಲ ಮೂರರಿಂದ ಆರು ತಿಂಗಳಲ್ಲಿ. ಹತ್ತು ವರ್ಷ ತಿಂದ ಮೇಲೆ ನೋಡಿಕೊಂಡರಾಯಿತು ಅನ್ನುವ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಬ್ರಿಟನ್‌ನ ಸುಮಾರು 2.4 ಲಕ್ಷ ಸ್ಟೀರಾಯ್ಡ್ ಬಳಕೆದಾರರ ದಾಖಲೆಗಳನ್ನು ನೋಡಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 7.5 ಮಿಲಿಗ್ರಾಂ ಅಥವಾ ಜಾಸ್ತಿ ಪ್ರೆಡ್ನಿಸೋಲೋನ್ ತೆಗೆದುಕೊಂಡವರಿಗೆ ಬೆನ್ನುಮೂಳೆ ಮುರಿತದ ಸಾಧ್ಯತೆ ಐದು ಪಟ್ಟು ಕಂಡಿತು. 2.5ರಿಂದ 7.5 ಮಿಲಿಗ್ರಾಂನಲ್ಲೂ ಎರಡೂವರೆ ಪಟ್ಟು ಇತ್ತು. ಚಿಕ್ಕ ಡೋಸು, ಏನೂ ಆಗಲ್ಲ ಅನ್ನುವ ಮಾತು ಮೂಳೆಯ ಮಟ್ಟಿಗೆ ನಿಜವಲ್ಲ. ಆದ್ದರಿಂದ ಮೂಳೆಯ ರಕ್ಷಣೆಯೂ ಸ್ಟೀರಾಯ್ಡ್ ಚೀಟಿ ಬರೆದ ದಿನವೇ ಶುರುವಾಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2022ರ ಮಾರ್ಗಸೂಚಿಯೂ ಇದೇ ದಿಕ್ಕಿನಲ್ಲಿದೆ. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು, ಮೂರು ತಿಂಗಳಿಗಿಂತ ಜಾಸ್ತಿ ಕಾಲ ತೆಗೆದುಕೊಳ್ಳುವ ಯಾರಿಗೇ ಆಗಲಿ, ಆದಷ್ಟು ಬೇಗ, ತಡವೆಂದರೆ ಆರು ತಿಂಗಳೊಳಗೆ ಮೂಳೆ ಮುರಿತದ ಅಪಾಯ ಎಷ್ಟಿದೆ ಎಂದು ಅಳೆಯಬೇಕು ಎನ್ನುತ್ತದೆ.

ಚೀಟಿಯಲ್ಲಿ ಬೇರೆ ಹೆಸರಿದ್ದರೆ ಹೀಗೆ ಲೆಕ್ಕ ಹಾಕಿ. 5 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ 4 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೋಲೋನ್ ಸಮ, 6 ಮಿಲಿಗ್ರಾಂ ಡಿಫ್ಲಜಾಕಾರ್ಟ್ ಸಮ, 0.75 ಮಿಲಿಗ್ರಾಂ ಡೆಕ್ಸಾಮೆಥಸೋನ್ ಸಮ. ಡೆಕ್ಸಾಮೆಥಸೋನ್ ಮಾತ್ರೆ ನೋಡಲು ಚಿಕ್ಕದು, ಬಲ ದೊಡ್ಡದು. ಚೀಟಿಯೇ ಇಲ್ಲದೆ ಮೆಡಿಕಲ್‌ನಲ್ಲಿ ಕೇಳಿ ತಂದುಕೊಳ್ಳುವ ಕೀಲುನೋವಿನ ಮಾತ್ರೆಗಳಲ್ಲಿ ಎಷ್ಟೋ ಸಲ ಇದೇ ಇರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ನೋವಿನ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿರುವುದು ಭಾರತದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಒಂದೇ ವಾರದಲ್ಲಿ ನೋವು ಮಾಯ ಮಾಡುವ, ಮುಖ ದುಂಡಗಾಗಿಸುವ ಪುಡಿ ಯಾವುದೇ ಇರಲಿ, ಅದನ್ನು ಡಾಕ್ಟರಿಗೆ ತೋರಿಸಿ.

ಇಷ್ಟು ಓದಿ ಯಾರೂ ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ತಿಂಗಳುಗಟ್ಟಲೆ ತೆಗೆದುಕೊಂಡವರ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಮರೆತಿರುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಇನ್ನೊಂದು ಕಾರಣವೂ ಇದೆ. ಹತೋಟಿ ತಪ್ಪಿದ ಕಾಯಿಲೆ ತಾನೇ ಮೂಳೆ ತಿನ್ನುತ್ತದೆ ಅಂತ ಮೇಲೆ ಹೇಳಿದೆನಲ್ಲ. ಮೂಳೆ ಉಳಿಸಬೇಕೆಂದು ಸ್ಟೀರಾಯ್ಡ್ ಬಿಟ್ಟು, ಕೀಲು ಊದಿ, ಹಾಸಿಗೆ ಹಿಡಿದರೆ ಮೂಳೆಗೆ ಆಗುವ ನಷ್ಟ ಇನ್ನೂ ದೊಡ್ಡದು. ಸರಿಯಾದ ದಾರಿ ಎಂದರೆ ಮಿಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಥರದ ಔಷಧಿಗಳಿಂದಲೋ, ಬೇಕಾದರೆ ಬಯೋಲಾಜಿಕ್ ಇಂಜೆಕ್ಷನ್‌ಗಳಿಂದಲೋ ಕಾಯಿಲೆಯನ್ನು ಹಿಡಿತಕ್ಕೆ ತಂದು, ಸ್ಟೀರಾಯ್ಡ್ ಅನ್ನು ಹಂತಹಂತವಾಗಿ ಇಳಿಸುವುದು. ಸ್ಟೀರಾಯ್ಡ್ ನಿಂತ ಮೇಲೆ ಮುರಿತದ ಅಪಾಯವೂ ಇಳಿಯುತ್ತಾ ಬರುತ್ತದೆ.

ಒಂದೊಂದು ಕಾಯಿಲೆಗೆ ಒಂದೊಂದು ತೊಡಕು

ಲೂಪಸ್ ಇರುವವರಿಗೆ ಬಿಸಿಲು ಆಗಿಬರುವುದಿಲ್ಲ. ಮೈಮೇಲೆ ದದ್ದು ಏಳುತ್ತದೆ, ಕಾಯಿಲೆ ಕೆರಳುತ್ತದೆ. ಛತ್ರಿ, ತುಂಬುತೋಳಿನ ಬಟ್ಟೆ, ಸನ್‌ಸ್ಕ್ರೀನ್ ಎಲ್ಲ ಬೇಕೇ ಬೇಕು. ಅದರಿಂದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಕಡಿಮೆಯಾಗುತ್ತದೆ. ಇವರಿಗೆ ದಿನಾ ಬೆಳಿಗ್ಗೆ ಬಿಸಿಲು ಕಾಯಿಸಿ ಅಂತ ಹೇಳುವ ನೆಂಟರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ಸಲಹೆ ಇವರಿಗಲ್ಲ. ಇವರು ವಿಟಮಿನ್ ಡಿಯನ್ನು ಮಾತ್ರೆಯಲ್ಲೇ ತೆಗೆದುಕೊಳ್ಳಬೇಕು. ಕಿಡ್ನಿಗೆ ಕಾಯಿಲೆ ಹಬ್ಬಿದ್ದರೆ ಮೂಳೆಯ ಔಷಧಿಯ ಆಯ್ಕೆಯೂ ಬದಲಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳಿದ್ದರೆ ಈಸ್ಟ್ರೋಜನ್ ಮಾತ್ರೆ, ಮೂಳೆಯ ಮೇಲೆ ಈಸ್ಟ್ರೋಜನ್ ಥರವೇ ಕೆಲಸ ಮಾಡುವ ರಾಲಾಕ್ಸಿಫೀನ್ ಎರಡೂ ಬೇಡ.

ಶೋಗ್ರೆನ್‌ನಲ್ಲಿ ಬಾಯಿ ಒಣಗಿ ಹಲ್ಲು ಹುಳುಕಾಗುತ್ತದೆ. ಕೆಲವರಿಗೆ ಕಿಡ್ನಿ ರಕ್ತದ ಆಮ್ಲವನ್ನು ಸರಿಯಾಗಿ ಹೊರಹಾಕುವುದಿಲ್ಲ. ಆಗ ಮೂಳೆ ತೆಳುವಾಗುವುದರ ಜೊತೆಗೆ ಮೆತ್ತಗೂ ಆಗುತ್ತದೆ. ಆ ಮೆತ್ತಗಿನ ಮೂಳೆಗೆ ಚಿಕಿತ್ಸೆ ಬೇರೆ. ಬರೀ ಆಸ್ಟಿಯೋಪೊರೋಸಿಸ್ ಔಷಧಿ ಕೊಟ್ಟರೆ ಸರಿಹೋಗುವುದಿಲ್ಲ.

ಸ್ಕ್ಲೀರೋಡರ್ಮಾದಲ್ಲಿ ಅನ್ನನಾಳದ ಚಲನೆ ಕುಂದಿ ಎದೆಯುರಿ ಕಾಡುತ್ತದೆ. ಕರುಳು ಪೋಷಕಾಂಶಗಳನ್ನು ಹೀರುವುದೂ ಕಡಿಮೆ. ವಾರಕ್ಕೊಮ್ಮೆ ನುಂಗುವ ಮೂಳೆ ಮಾತ್ರೆ ಅನ್ನನಾಳವನ್ನು ಸುಡಬಹುದಾದ್ದರಿಂದ ಇವರಿಗೆ ಸಾಮಾನ್ಯವಾಗಿ ಡ್ರಿಪ್ ಅಥವಾ ಇಂಜೆಕ್ಷನ್‌ನಲ್ಲಿ ಕೊಡುವ ಔಷಧಿಯೇ ವಾಸಿ. ಬಾಯಿ ಪೂರ್ತಿ ತೆರೆಯಲಾಗದೆ ಹಲ್ಲಿನ ಆರೈಕೆಯೂ ಕಷ್ಟ.

ಅಳೆಯುವ ಬಗೆ

ಮೂಳೆಯ ಸಾಂದ್ರತೆ ಅಳೆಯಲು ಡೆಕ್ಸಾ ಸ್ಕ್ಯಾನ್ ಬೇಕು. ಬಟ್ಟೆ ತೊಟ್ಟೇ ಮಲಗಬಹುದು, ಸ್ವಲ್ಪ ಹೊತ್ತಿನ ಕೆಲಸ, ವಿಕಿರಣವೂ ತೀರಾ ಕಡಿಮೆ. ವರದಿಯಲ್ಲಿ ಟಿ-ಸ್ಕೋರ್ ಎಂಬ ಸಂಖ್ಯೆ ಇರುತ್ತದೆ, ಅದು ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗತೊಡಗಿದೆ ಎಂದರ್ಥ.

ಆದರೆ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಈ ಸಂಖ್ಯೆಯನ್ನು ನಂಬಿ ನೆಮ್ಮದಿಯಿಂದ ಇರುವ ಹಾಗಿಲ್ಲ. ಸ್ಟೀರಾಯ್ಡ್ ಮೂಳೆಯ ಪ್ರಮಾಣದ ಜೊತೆ ಅದರ ಗುಣವನ್ನೂ ಕೆಡಿಸುತ್ತದೆ. ಮೈನಸ್ 1.5 ಇರುವಾಗಲೇ ಮುರಿದದ್ದುಂಟು. ವಯಸ್ಸಾದವರ ಬೆನ್ನಿನಲ್ಲಿ ಬೆಳೆದ ಮುಳ್ಳುಮೂಳೆಗಳು ಸ್ಕ್ಯಾನ್‌ನಲ್ಲಿ ಸೇರಿಕೊಂಡು ಸಂಖ್ಯೆಯನ್ನು ಸುಮ್ನೆ ಚೆನ್ನಾಗಿ ತೋರಿಸುತ್ತವೆ. ಅದಕ್ಕೇ ಸೊಂಟದ ಅಳತೆ ಮತ್ತು ಬೆನ್ನಿನ ಎಕ್ಸ್‌ರೇ ಎರಡೂ ಬೇಕು. ಫ್ರ್ಯಾಕ್ಸ್ ಎಂಬ ಲೆಕ್ಕಾಚಾರ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಹೇಳುತ್ತದೆ. ಅದರಲ್ಲಿ ಸಂಧಿವಾತದ ಬಗ್ಗೆ ಪ್ರಶ್ನೆ ಇದೆ, ಲೂಪಸ್‌ಗೆ ಬೇರೆಯಾಗಿ ಇಲ್ಲ. ಸ್ಟೀರಾಯ್ಡ್ ಉಂಟೋ ಇಲ್ಲವೋ ಅಂತ ಕೇಳುತ್ತದೆ, ಎಷ್ಟು ಅಂತ ಕೇಳುವುದಿಲ್ಲ. ಡೋಸು ದಿನಕ್ಕೆ 7.5 ಮಿಲಿಗ್ರಾಂ ದಾಟಿದವರಿಗೆ ನಿಜವಾದ ಅಪಾಯ ಅದು ತೋರಿಸಿದ್ದಕ್ಕಿಂತ ಜಾಸ್ತಿ ಎಂದೇ ಡಾಕ್ಟರು ಲೆಕ್ಕ ಹಿಡಿಯುತ್ತಾರೆ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಹಿಡಿದು ನೋಡುವ ಪುಟ್ಟ ಯಂತ್ರ ಅಲ್ಟ್ರಾಸೌಂಡ್‌ದು. ಅದರ ಚೀಟಿ ಹಿಡಿದು ರೋಗ ಇದೆ, ಇಲ್ಲ ಅಂತ ತೀರ್ಮಾನಿಸಬೇಡಿ.

ಊಟ ಮತ್ತು ಮನೆ

ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಇರುತ್ತದೆ. ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರಿನಲ್ಲಿ 240ರಷ್ಟು. ಮುದ್ದೆ ಉಣ್ಣುವ ಮನೆಯವರು ಅರ್ಧ ದಾರಿ ಬಂದಂತೆಯೇ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಸ್ವಲ್ಪ ಕಟ್ಟಿಹಾಕುತ್ತದೆ. ಮೊಳಕೆ ಬರಿಸಿ ಹಿಟ್ಟು ಮಾಡಿಸಿದರೆ ಅದು ಇಳಿಯುತ್ತದೆ. ಉಳಿದದ್ದನ್ನು ಮಾತ್ರೆ ತುಂಬಿಸಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ ತೆಗೆದುಕೊಳ್ಳಬೇಕು. ದಿನಾ ಗ್ಯಾಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಸರಿಯಾಗಿ ಹತ್ತುವುದಿಲ್ಲ, ಸಿಟ್ರೇಟ್ ಒಳ್ಳೆಯದು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇರಲಿ. 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಕೆಲವರು ಎಂಟು ವಾರಕ್ಕೆಂದು ಬರೆಸಿಕೊಂಡು ವರ್ಷಗಟ್ಟಲೆ ವಾರವಾರವೂ ತಿನ್ನುತ್ತಾರೆ. ಅದು ವಿಷವಾಗಬಹುದು. ಡಾಕ್ಟರು ಹೇಳಿದಷ್ಟೇ ಸಾಕು.

ಬೆನ್ನು ನೋಯುತ್ತದೆ ಅಂತ ಮೊಮ್ಮಕ್ಕಳ ಕೈಲಿ ಬೆನ್ನು ತುಳಿಸಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಟೊಳ್ಳು ಬೆನ್ನುಮೂಳೆಗೆ ಮಗುವಿನ ಭಾರವೂ ಜಾಸ್ತಿಯೇ. ಸೊಂಟ ಜೋರಾಗಿ ತಿರುಚಿ ನೆಟಿಗೆ ತೆಗೆಸುವುದೂ ಬೇಡ. ಯೋಗ ಮಾಡುವವರು ಪಶ್ಚಿಮೋತ್ತಾನಾಸನ, ಹಲಾಸನದಂಥ, ಬೆನ್ನನ್ನು ಮುಂದಕ್ಕೆ ಪೂರ್ತಿ ಬಗ್ಗಿಸುವ ಆಸನಗಳನ್ನು ಬಿಡಬೇಕು. ನಡಿಗೆ ಇರಲಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಇರಲಿ. ಸ್ಟೀರಾಯ್ಡ್‌ನಿಂದ ಸೊರಗುವ ತೊಡೆಗೆ ಇವೇ ಕಸರತ್ತು.

ಮನೆಯಲ್ಲಿ ಮೊದಲು ಬಚ್ಚಲನ್ನು ನೋಡಿ. ಒದ್ದೆ ಟೈಲ್ಸ್, ಮಂದ ಬೆಳಕು, ರಾತ್ರಿ ಎದ್ದು ಹೋಗುವ ಅವಸರ. ಅದರ ಮೇಲೆ ಸ್ಟೀರಾಯ್ಡ್‌ನಿಂದಲೇ ಬೇಗ ಬರುವ ಕಣ್ಣಿನ ಪೊರೆ. ಗೋಡೆಗೆ ಹಿಡಿಕೆ, ಜಾರದ ಮ್ಯಾಟು, ರಾತ್ರಿ ದೀಪ, ಕೂತು ಸ್ನಾನ ಮಾಡಲು ಒಂದು ಗಟ್ಟಿ ಸ್ಟೂಲು. ಈ ಖರ್ಚು ಸೊಂಟದ ಆಪರೇಷನ್ ಮುಂದೆ ಏನೂ ಅಲ್ಲ.

ಮೂಳೆಯ ಔಷಧಿಗಳು

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಅಲೆಂಡ್ರೊನೇಟ್, ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೂ ಮುಂಚೆ, ಒಂದು ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಕಾಫಿಯ ಜೊತೆ ನುಂಗಿದರೆ ಔಷಧಿ ಮೈಗೆ ಹತ್ತುವುದು ಇನ್ನೂ ಕಡಿಮೆಯಾಗುತ್ತದೆ. ಎಷ್ಟೋ ಜನರಿಗೆ ಇದು ಕೆಲಸ ಮಾಡದಿರಲು ಇದೇ ಕಾರಣ.

ನುಂಗಲಾಗದವರಿಗೆ ಜೊಲೆಡ್ರಾನಿಕ್ ಆಸಿಡ್ ಇದೆ, ವರ್ಷಕ್ಕೊಂದು ಸಲ 5 ಮಿಲಿಗ್ರಾಂ ಡ್ರಿಪ್. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಹೆದರಬೇಕಿಲ್ಲ. ಕಿಡ್ನಿ ತೀರಾ ಕುಂದಿದ್ದರೆ ಕೊಡುವುದಿಲ್ಲ.

ಡೆನೋಸುಮ್ಯಾಬ್ ಎಂಬುದು ಮೇಲೆ ಹೇಳಿದ ರ‍್ಯಾಂಕ್-ಎಲ್ ಅನ್ನೇ ಹಿಡಿದು ನಿಲ್ಲಿಸುವ ಇಂಜೆಕ್ಷನ್. ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಕೊಡುತ್ತಾರೆ. ಒಳ್ಳೆಯ ಔಷಧಿ, ಆದರೆ ಮಧ್ಯದಲ್ಲಿ ಬಿಡುವಂತಿಲ್ಲ. ಮಗ ಊರಲ್ಲಿರಲಿಲ್ಲ, ದುಡ್ಡು ಹೊಂದಲಿಲ್ಲ ಅಂತ ತಿಂಗಳುಗಟ್ಟಲೆ ತಡವಾದರೆ ಅದುಮಿಟ್ಟ ಕರಗುವಿಕೆ ಒಮ್ಮೆಲೇ ಚಿಮ್ಮಿ ಬೆನ್ನಿನ ಹಲವು ಬಿಲ್ಲೆಗಳು ಒಟ್ಟಿಗೆ ಕುಸಿಯಬಹುದು. ನಿಲ್ಲಿಸುವುದಾದರೆ ಬದಲಿಗೆ ಬೇರೆ ಔಷಧಿ ಶುರು ಮಾಡಿಯೇ ನಿಲ್ಲಿಸಬೇಕು. ಡಯಾಲಿಸಿಸ್‌ನಲ್ಲಿರುವವರಿಗೆ ಕ್ಯಾಲ್ಸಿಯಂ ಅಪಾಯಕರವಾಗಿ ಇಳಿಯಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಕಟ್ಟೆಚ್ಚರ ಕೊಟ್ಟಿದೆ.

ಈ ಮೂರೂ ಕರಗುವುದನ್ನು ತಡೆಯುವಂಥವು. ಹೊಸ ಮೂಳೆ ಕಟ್ಟಿಸುವುದು ಟೆರಿಪ್ಯಾರಟೈಡ್, ದಿನಾ ಒಂದು ಚಿಕ್ಕ ಇಂಜೆಕ್ಷನ್, ಸಾಮಾನ್ಯವಾಗಿ ಎರಡು ವರ್ಷದವರೆಗೆ. ಸ್ಟೀರಾಯ್ಡ್ ಕೆಡಿಸುವುದು ಕಟ್ಟುವ ಕೋಶಗಳನ್ನೇ ಆದ್ದರಿಂದ ಇಲ್ಲಿ ಇದಕ್ಕೆ ವಿಶೇಷ ಬೆಲೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲೇ ಅಲೆಂಡ್ರೊನೇಟ್ ಜೊತೆ ಹೋಲಿಸಿ ನಡೆಸಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೆರಿಪ್ಯಾರಟೈಡ್ ಗುಂಪಿನಲ್ಲಿ ಬೆನ್ನುಮೂಳೆ ಮುರಿತ ಬಹಳ ಕಡಿಮೆ ಇತ್ತು. ಆಗಲೇ ಮೂಳೆ ಮುರಿದಿರುವ, ದೊಡ್ಡ ಡೋಸಿನಲ್ಲಿರುವ ಹೆಂಗಸರಿಗೆ ಇದನ್ನು ಮೊದಲೇ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಬೆಲೆ ಮಾತ್ರ ಭಾರ. ಮುಗಿದ ಮೇಲೆ ಕರಗುವುದನ್ನು ತಡೆಯುವ ಔಷಧಿ ಮುಂದುವರಿಸದಿದ್ದರೆ ಗಳಿಸಿದ್ದು ಉಳಿಯುವುದಿಲ್ಲ.

ಕರಗುವುದನ್ನು ತಡೆಯುವ ಔಷಧಿ ಶುರು ಮಾಡುವ ಮುಂಚೆ ಹಲ್ಲಿನ ಡಾಕ್ಟರನ್ನು ಕಂಡು, ಕೀಳಿಸಬೇಕಾದ ಹಲ್ಲಿದ್ದರೆ ಕೀಳಿಸಿಬಿಡಿ. ಈ ಔಷಧಿಗಳಲ್ಲಿರುವಾಗ ಹಲ್ಲು ಕಿತ್ತರೆ ಅಪರೂಪಕ್ಕೆ ದವಡೆಯ ಮೂಳೆ ಮಾಯದೆ ಉಳಿಯುತ್ತದೆ. ಅಲೆಂಡ್ರೊನೇಟ್ ಹಲವು ವರ್ಷ ತೆಗೆದುಕೊಂಡವರಲ್ಲಿ, ಇದೂ ಅಪರೂಪಕ್ಕೆ, ತೊಡೆಯ ಮೂಳೆ ಬೀಳದೆಯೇ ಮುರಿಯಬಹುದು. ಮುರಿಯುವ ಕೆಲವು ವಾರ ಮೊದಲೇ ತೊಡೆಯಲ್ಲಿ ಮಂದ ನೋವು ಶುರುವಾಗಿರುತ್ತದೆ. ಲೂಪಸ್‌ಗೆ ದೊಡ್ಡ ಡೋಸಿನಲ್ಲಿ ಸ್ಟೀರಾಯ್ಡ್ ಪಡೆದವರಿಗೆ ಸೊಂಟದ ಚೆಂಡಿನಂಥ ಮೂಳೆಗೆ ರಕ್ತ ನಿಂತು ಅದು ಸಾಯುವುದೂ ಉಂಟು. ಆಗ ತೊಡೆಸಂದಿನಲ್ಲಿ ನೋವು ಕಾಣಿಸುತ್ತದೆ, ಶುರುವಿನಲ್ಲಿ ಎಕ್ಸ್‌ರೇ ಏನನ್ನೂ ತೋರಿಸುವುದಿಲ್ಲ, ಎಂಆರ್‌ಐ ಬೇಕಾಗುತ್ತದೆ. ಹಾಗಾಗಿ ಈ ಕಾಯಿಲೆ, ಈ ಔಷಧಿಗಳ ಜೊತೆಗಿರುವವರಿಗೆ ತೊಡೆ ಅಥವಾ ತೊಡೆಸಂದು ನೋಯತೊಡಗಿದರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯಬೇಡಿ, ಆ ವಾರವೇ ಹೋಗಿ ತೋರಿಸಿ.